ಅಪ್ಪ ಉಡಿಸಿದ ಕಿಮೊನೊ

ತೆತ್ಸುರೊ ಮಾಡಿದ ತಪ್ಪು ಇಷ್ಟೇ. ಮಗಳಿಗೆ ಕಿಮೊನೊ ಉಡಿಸುವುದನ್ನು ಅವನು ತನ್ನ ಮೈಮೇಲೆ ಕಲಿತಿದ್ದ.

ಬೇರೆ ದಾರಿಯೂ ಇರಲಿಲ್ಲವೆನ್ನಿ. ಅವನು ಐವತ್ತು ದಾಟಿದ ಬಸ್ ಡ್ರೈವರ್, ಮನೆಯಲ್ಲಿ ಹೆಂಡತಿಯಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು, "ನಮ್ಮ ಮಿಜುಹೊ ಇಪ್ಪತ್ತರ ಹಬ್ಬಕ್ಕೆ ಹೋಗೋ ದಿನ ನನ್ನ ಕಿಮೊನೊನ ನೀವೇ ಉಡಿಸಬೇಕು" ಅಂದಿದ್ದಳು. ಇಪ್ಪತ್ತಕ್ಕೆ ಕಾಲಿಡುವ ಹುಡುಗ ಹುಡುಗಿಯರನ್ನು ಪ್ರತಿ ಜನವರಿಯಲ್ಲಿ ಊರು ಪುರಭವನಕ್ಕೆ ಕರೆದು ಹರಸುವ ಹಬ್ಬ ಅದು. ಇವನು ಹೂಂ ಅಂದಿದ್ದ. ಮೇಪಲ್ ಎಲೆ ಕೆಂಪಾದಾಗಿನಿಂದ ಆ ಉದ್ದ ತೋಳಿನ ಕೆಂಪು ರೇಷ್ಮೆಯನ್ನು ತಾನೇ ಸುತ್ತಿಕೊಂಡು, ಕನ್ನಡಿ ಮುಂದೆ ಬೆವರಿಳಿಸಿದ್ದ.

ಜನವರಿಯ ಆ ಸೋಮವಾರ ಬೆಳಿಗ್ಗೆ ಮಗಳನ್ನು ಎದುರಿಗೆ ನಿಲ್ಲಿಸಿ ಉಡಿಸಿದ. ಎದುರು ನಿಂತವರ ಎಡ ತನಗೆ ಬಲವಾಗುತ್ತದೆ ಅನ್ನುವುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಇಸೊಬೆ ಅಜ್ಜಿ ಬಾಗಿಲು ಸರಿಸಿಕೊಂಡು ಬಂದಳು.

"ಅಯ್ಯೋ ನಿನ್ನ. ಬಲದ ಸೆರಗು ಮೇಲೆ ತಂದಿದ್ದೀಯಲ್ಲೋ. ಹೆಣಕ್ಕೆ ಉಡಿಸೋದು ಹಾಗೆ ಕಣೋ. ಮಗು ಹೋಗ್ತಿರೋದು ಹಬ್ಬಕ್ಕೋ ಸುಡುಗಾಡಿಗೋ?"

ತೆತ್ಸುರೊ ಬೆಳ್ಳಗಾದ. ಮತ್ತೆ ಎಲ್ಲ ಬಿಚ್ಚಿ, ಎಡವನ್ನು ಮೇಲೆ ತಂದದ್ದಾಯಿತು. ಇನ್ನು ನಡುಪಟ್ಟಿ. ಅದನ್ನು ಬಿಗಿಯಲು ಇವನ ತೋಳಿಗೆ ಬಲ ಸಾಲದೆಂದು ಅಜ್ಜಿ ಮೀನಂಗಡಿಯ ಕುವಬರನನ್ನು ಎಳೆದು ತಂದಳು.

"ನಂಗೆ ಬರೋದು ಬಲೆ ಗಂಟು ಒಂದೇ" ಎನ್ನುತ್ತಲೇ ಅವನು ಎಳೆದ.

"ಕುವಬರ ಮಾಮ, ಉಸಿರು ಹೋಗ್ತಿದೆ" ಅಂದಳು ಮಿಜುಹೊ. ಅಪ್ಪ ಗಾಬರಿಯಾಗಿ ಸಡಿಲಿಸಿದ. ಸ್ವಲ್ಪ ಜಾಸ್ತಿಯೇ ಸಡಿಲಿಸಿದ. ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಒಂದು ಕೈಯಿಂದ ಬೆನ್ನ ಹಿಂದಿನ ಗಂಟು ಹಿಡಿದುಕೊಂಡೇ ಕೂತಿದ್ದಳು.

ಪುರಭವನದ ಬಾಗಿಲಲ್ಲಿ ಕೂತಿದ್ದ ಹುಡುಗಿ ಹುಟ್ಟಿದ ದಿನ ಕೇಳಿದಳು.

"ಏಪ್ರಿಲ್ ಎರಡು. ಬರೋ ಏಪ್ರಿಲ್‌ಗೆ ಇಪ್ಪತ್ತು" ಅಂದ ತೆತ್ಸುರೊ ಎದೆಯುಬ್ಬಿಸಿ.

"ಹಾಗಾದ್ರೆ ಇವರದು ಮುಂದಿನ ವರ್ಷ ಸಾರ್. ಸ್ಕೂಲಿನ ತರಗತಿ ಪ್ರಕಾರ ಕರೀತೀವಿ. ಒಂದೇ ಒಂದು ದಿನ ಮುಂಚೆ ಹುಟ್ಟಿದ್ರೆ ಈ ವರ್ಷವೇ ಆಗ್ತಿತ್ತು."

"ನಾನೂ ಹತ್ತೊಂಬತ್ತಕ್ಕೇ ಬಂದಿದ್ದೆನಲ್ಲಮ್ಮ."

"ನೀವು ಯಾವ ತಿಂಗಳು?"

"ಮಾರ್ಚ್" ಅನ್ನುವಾಗ ಅವನ ದನಿ ಇಳಿದುಹೋಗಿತ್ತು. ಆ ಹುಡುಗಿ, ಪಾಪ, ತಪ್ಪು ತನ್ನದೇ ಎಂಬಂತೆ ನಡು ಬಗ್ಗಿಸಿ ಕ್ಷಮೆ ಕೇಳಿದಳು.

ಹೆಂಡತಿಗೆ ಕೊಟ್ಟ ಒಂದೇ ಮಾತು, ಅದೂ ಹೀಗೆ ಕೆಟ್ಟಿತಲ್ಲ ಎಂದು ತೆತ್ಸುರೊಗೆ ಅಳು ಬಂತು. ತಿರುಗಿ ನೋಡಿದರೆ ಮಗಳ ಮುಖದಲ್ಲಿ ಆಶ್ಚರ್ಯವೇ ಇಲ್ಲ.

"ನಿಂಗೆ ಗೊತ್ತಿತ್ತೇನೇ?"

"ನನ್ನ ಕ್ಲಾಸಿನವರು ಒಬ್ಬರೂ ಇಲ್ಲಿಲ್ಲ. ಗೊತ್ತಿರಲ್ವಾ ಅಪ್ಪ?"

"ಇಸೊಬೆ ಅಜ್ಜಿಗೆ?"

"ಇಡೀ ಬೀದಿಗೇ ಗೊತ್ತು. ಬಾಯಿ ಬಿಡಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಒಂದಿನ ಹೇಳೋಕೆ ಅಂತಲೇ ನಿನ್ನ ಕೋಣೆಗೆ ಬಂದಿದ್ದೆ. ಬಾಗಿಲು ಸರಿಸಿದ್ರೆ ನೀನು ಅಮ್ಮನ ಕಿಮೊನೊ ಸುತ್ಕೊಂಡು, 'ನೋಡೇ, ಇವತ್ತು ಸ್ವಲ್ಪ ನೆಟ್ಟಗೆ ಬಂತಾ?' ಅಂತ ಅವಳ ಫೋಟೋನ ಕೇಳ್ತಿದ್ದೆ. ಹೇಗೆ ಹೇಳ್ಲಿ?"

ತೆತ್ಸುರೊ ಅವಳ ಕಿಮೊನೊ ತೋಳಿನ ಸುಕ್ಕು ಸವರಿದ. "ಹೋಗ್ಲಿ ಬಿಡು. ಮುಂದಿನ ವರ್ಷ ಇನ್ನೂ ಚೆನ್ನಾಗಿ ಉಡಿಸ್ತೀನಿ" ಅಂದ.

"ಬೇಡಪ್ಪ. ಮುಂದಿನ ವರ್ಷಕ್ಕೆ ಉಡಿಸೋರನ್ನ ಎಂದೋ ಗೊತ್ತು ಮಾಡಿದೀನಿ. ಅವರು ಗಂಡಸರನ್ನ ಒಳಗೆ ಬಿಡಲ್ಲ. ಅದಕ್ಕೇ ಇವತ್ತು ನಿನ್ನ ಕೈಯಲ್ಲಿ ಉಡಿಸ್ಕೊಂಡೆ." ಅವಳು ಅವನ ತೋಳು ಹಿಡಿದಳು. "ಬಾ, ಫೋಟೋ ತೆಗೆಸ್ಕೊಳ್ಳೋಣ."

ಫೋಟೋದವನು, ಎರಡೂ ಕೈ ಮುಂದೆ ಕಟ್ಟಿಕೊಳ್ಳಮ್ಮ ಎಂದ. ಅವಳು ಕಟ್ಟಿಕೊಂಡಳು.

ಆ ಫೋಟೋ ಈಗಲೂ ಅವರ ಮನೆಯಲ್ಲಿದೆ. ಅದರಲ್ಲಿ ಮಗಳು ಬಾಯಿತುಂಬ ನಗುತ್ತಿದ್ದಾಳೆ. ಅಪ್ಪನ ಮುಖ ಕಾಣುವುದಿಲ್ಲ, ಅವನು ಬಗ್ಗಿ ನೆಲದ ಮೇಲಿನ ನಡುಪಟ್ಟಿ ಎತ್ತಿಕೊಳ್ಳುತ್ತಿದ್ದಾನೆ.