ನಾದಿನಿಯ ಕಂಚಿನ ಮಗಳು

ನಮ್ಮ ನಾದಿನಿಗೆ ಒಬ್ಬಳೇ ಮಗಳು. ಮೈ ಕಂಚಿನದು, ತೂಕ ಎರಡು ಟಗರಿನಷ್ಟು. ಬಾಯಿ ತೆರೆದರೆ ನಾಲ್ಕು ಹೊಲದಾಚೆ ಕೇಳುತ್ತದೆ. ತಾಯಿಯ ಬಾಯಿ ಐದು ಹೊಲ ದಾಟುತ್ತದೆ, ಅದು ಬೇರೆ ಮಾತು!

ಮಗಳೆಂದರೆ ಮಾನ್ವಿ ತಾಲೂಕಿನ ನಮ್ಮೂರ ಚರ್ಚಿನ ಚಿಕ್ಕ ಗಂಟೆ. ನಮ್ಮಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡಿಸುವಾಗ ಜ್ಞಾನತಾಯಿ ಅಂತ ಒಬ್ಬಳು ಎತ್ತಿಕೊಂಡು ನಿಲ್ಲುತ್ತಾಳೆ. ಹೊಸ ಗಂಟೆಗೂ ಹಾಗೇ ನೀರು ಚಿಮುಕಿಸಿ ಹೆಸರಿಡುತ್ತಾರೆ, ಅದಕ್ಕೂ ಒಬ್ಬ ತಾಯಿ ಬೇಕು. ಈ ಗಂಟೆ ಮಾಡಿಸುವಾಗ ನಾದಿನಿಗೆ ಇಪ್ಪತ್ತು ವರ್ಷ. ಮಕ್ಕಳಾಗಲಿಲ್ಲ ಅಂತ ರಾಯಚೂರಿನ ಗಂಡ ಬಸ್ಸು ಹತ್ತಿಸಿ ತವರಿಗೆ ಕಳಿಸಿದ್ದ. ಊರಿನ ಯಾವ ಹೆಂಗಸೂ ತನ್ನ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ನಾನೂ ಕೊಡಲಿಲ್ಲ. ಸುಳ್ಳು ಯಾಕೆ ಹೇಳಲಿ?

ಎರಕ ಹೊಯ್ಯುವ ಮೊದಲೇ ಆಗಿನ ಫಾದರ್ ಕೇಳಿದರು, ಗಂಟೆಗೆ ತಾಯಿ ಯಾರು ಅಂತ. ಹೆಂಗಸರೆಲ್ಲ ನಕ್ಕೆವು. ಇವಳು ಎದ್ದು ನಿಂತಳು.

"ನನಗ ಕೊಡ್ರಿ ಫಾದರ್. ನನ್ನ ಕಣ್ಣು ತಾಗಿದ್ರ ಕಂಚೇನು ಸಾಯಾಂಗಿಲ್ಲ!"

ಆವತ್ತಿನಿಂದ ನಮಗೆ ನೆಮ್ಮದಿ ಇಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಗೋಪುರ ಹತ್ತಿ, ಹುಣಸೆಹಣ್ಣು, ಬೂದಿ ಹಚ್ಚಿ ಮಗಳಿಗೆ ಸ್ನಾನ. ಹಗ್ಗ ಎಳೆಯುವವನಿಗೆ ದಿನಾ ಬೈಗುಳ: "ಏ ಮೂಳಾ, ಹೆಣ್ಣುಮಗಳ ಜಡಿ ಹಿಡಿದು ಎಳದಂಗ ಎಳೀತಿಯಲ್ಲೋ!" ಒಂದು ಚಳಿಗಾಲ ಮಗಳ ದನಿ ಕಟ್ಟಿದೆ ಅಂತ ಗಂಟೆಯ ನಾಲಿಗೆಗೆ ಕುಸುಬಿ ಎಣ್ಣೆ ಸವರಿ ಬಂದಳು. ಭಾನುವಾರ ಕೆಳಗೆ ನಿಂತಿದ್ದ ಫಾದರ್ ಅವರ ಬಿಳಿ ನಿಲುವಂಗಿಯ ಮೇಲೆ ತೊಟ್ಟಿಕ್ಕಿತು.

"ಇದೇನಮ್ಮಾ?"

"ಮಗಳ ಜೊಲ್ಲು, ಫಾದರ್!"

ಹೋದ ವರ್ಷ ಕಮಿಟಿಯವರು ಚರ್ಚಿನ ಇತಿಹಾಸದ ಪುಸ್ತಕ ಮಾಡಲು ಹೊರಟರು. ಬರೆದವರು ಕಮಿಟಿಯ ಮಾಸ್ತರು. ಪೂಜೆ ಮುಗಿದ ಮೇಲೆ ನಿಂತು ಓದಿದರು. ದೊಡ್ಡ ಗಂಟೆಗೆ ಎರಡು ಪುಟ: ಹಡಗಿನಲ್ಲಿ ಬಂತಂತೆ, ಎರಕ ಹೊಯ್ದ ಪರದೇಶಿ ದೊರೆಯ ಹೆಸರು ಅದರ ಸೊಂಟದ ಸುತ್ತ ಇದೆಯಂತೆ. ಆ ಹೆಸರು ಹೇಳುವಾಗ ಮಾಸ್ತರ ಹಲ್ಲಿನ ಸೆಟ್ಟೇ ಸಡಿಲಾಯಿತು. ಚಿಕ್ಕ ಗಂಟೆಗೆ ಒಂದೇ ಸಾಲು: "ಮಾಡಿದವರು ಯಾರೆಂದು ತಿಳಿದಿಲ್ಲ." ಇತಿಹಾಸವಿಲ್ಲದ ಗಂಟೆ ಯಾಕೆ ಬೇಕು? ಕರಗಿಸಿ, ಕಮಿಟಿಯವರ ಹೆಸರು ಹಾಕಿ ಹೊಸದು ಮಾಡಿಸುವುದು ಅಂತ ತೀರ್ಮಾನ.

ನಾದಿನಿ ಎದ್ದಳು.

"ಯಾರನ್ನ ಕೇಳಿ ಕರಗಸಾಕತ್ತೀರಿ?"

"ಯವ್ವಾ, ಮಾಡಿದಾಂವನ ಹೆಸರಽ ಇಲ್ಲ ಅದರ ಮ್ಯಾಲ. ದಾಖಲೆ ಬೇಕಲ್ಲ?"

"ಅಂಚಿನ ಒಳಗ ನೋಡೀರೇನು? ಹತ್ರಿ ಮ್ಯಾಲ!"

ಮಾಸ್ತರು ಮೊಬೈಲಿನ ಬೆಳಕು ಹಿಡಿದು ಏಣಿ ಹತ್ತಿದರು. ತಲೆಗೆ ಜೇಡರ ಬಲೆ ಸುತ್ತಿಕೊಂಡು ಇಳಿದು ಬಂದು, "ಒಂದು ಹೆಬ್ಬೆಟ್ಟಿನ ಗುರುತು ಅದ" ಅಂದರು.

ಅದೇ ದಾಖಲೆ! ದೇವದುರ್ಗದ ಕಡೆಯ ಕಂಚುಗಾರ ಅವನು. ನಮ್ಮ ಚರ್ಚಿನ ಅಂಗಳದಲ್ಲೇ ಗುಂಡಿ ತೋಡಿ ತಿಂಗಳುಗಟ್ಟಲೆ ಕೂತ. ಚೀಕಲಪರ್ವಿಯ ಹೊಳೆಮಣ್ಣು, ಭತ್ತದ ಹೊಟ್ಟು ಕಲಸಿ ಅಚ್ಚು ಕಟ್ಟಿದ, ಮೇಲೆ ಮೇಣ ಮೆತ್ತಿದ; ಮೇಣದಲ್ಲಿ ಒತ್ತಿದ್ದೇ ಆಮೇಲೆ ಕಂಚಿನಲ್ಲಿ ಮೂಡುತ್ತದೆ. ಊರ ಹೆಂಗಸರ ತೂತುಬಿದ್ದ ತಂಬಿಗೆ, ಒಡೆದ ತಟ್ಟೆ ಎಲ್ಲ ಕರಗಿದವು. ನನ್ನದೊಂದು ಚರಗಿಯೂ ಅದರೊಳಗಿದೆ. ಮೇಣದ ಮೇಲೆ ಹೆಸರು ಬರಿ ಅಂತ ಆಗಿನ ಫಾದರ್ ಅಂದರೆ, "ಬರಿಯಾಕ ಬಂದಿದ್ರ ಈ ಬೆಂಕಿ ಮುಂದ ಯಾಕ ಬೇಯ್ತಿದ್ನಿರೀ?" ಅಂತ ನಕ್ಕು ಹೆಬ್ಬೆರಳು ಒತ್ತಿದ.

ನಾದಿನಿ ಇದನ್ನೆಲ್ಲ ಹೇಳಿದ ಮೇಲೆ ಮಾಸ್ತರು ತಲೆ ಕೆರೆದುಕೊಂಡರು. "ಹೆಬ್ಬೆಟ್ಟು ಹೆಂಗ ಇತಿಹಾಸ ಆಕ್ಕೈತಿ, ಯವ್ವಾ?"

"ಹೆಬ್ಬೆಟ್ಟು ಒತ್ತಿಸಿಕೊಂಡು ನಮ್ಮ ಹೊಲ ಬರಕೊಳ್ಳಾಕ ಬರತೈತಿ, ಗಂಟಿ ಬರಕೊಳ್ಳಾಕ ಬರಾಂಗಿಲ್ಲೇನು?"

ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ನನ್ನ ಹೆಬ್ಬೆರಳು ಎತ್ತಿದೆ. ಹಿಂದಿನ ಸಾಲಿನ ಹೆಂಗಸರೆಲ್ಲ ಎತ್ತಿದರು. ಇಳಿಸುವವರು ಯಾರು! ಈಗಿನ ಫಾದರ್ ಮೀಸೆಯೊಳಗೆ ನಕ್ಕು, "ಮಾಸ್ತರೇ, ತಿದ್ದಿ ಬರೀರಿ" ಅಂದರು. ಪುಸ್ತಕದಲ್ಲಿ ಈಗ ಹೀಗಿದೆ: "ಮಾಡಿದವರು: ದೇವದುರ್ಗದ ಕಂಚುಗಾರ. ಸಹಿ: ಹೆಬ್ಬೆರಳು." ಗಂಟೆ ಉಳಿಯಿತು.

ಈ ಕ್ರಿಸ್ಮಸ್ಸಿಗೆ ನಾದಿನಿಯ ಮೊಣಕಾಲು ಕೈಕೊಟ್ಟವು. "ನೀನಽ ಹತ್ತು ಅತ್ತಿಗಿ, ಕೂಸು ಹೊಲಸು ಮೈಯಾಗ ಹಬ್ಬ ಮಾಡಬಾರದು" ಅಂದಳು. ಬೈದುಕೊಳ್ಳುತ್ತ ಹತ್ತಿದೆ. ಅಂಚಿನ ಒಳಗೆ ಹುಣಸೆಹಣ್ಣು ತಿಕ್ಕಿದಾಗ ಕಂಚುಗಾರನ ಹೆಬ್ಬೆಟ್ಟು ಹೊಳೆಯಿತು. ಅದರ ಪಕ್ಕ, ಅವಳು ಪ್ರತಿ ಸಲ ತಿಕ್ಕದೆ ಬಿಟ್ಟಿದ್ದ ಕಿಲುಬಿನ ಅಡಿಯಿಂದ, ಇನ್ನೊಂದು ಎದ್ದು ಬಂತು. ಸಣ್ಣದು. ನಡುವೆ ಒಂದು ಅಡ್ಡಗೆರೆ. ಆ ಗೆರೆ ನನಗೆ ಗೊತ್ತು. ಜೋಳ ಕೊಯ್ಯುವಾಗ ನಾದಿನಿಯ ಹೆಬ್ಬೆರಳಿಗೆ ಕುಡುಗೋಲು ತಾಗಿದ ಗಾಯ. ಅರಿಶಿನ ಒತ್ತಿದವಳು ನಾನೇ.

"ಲೇ, ಇಲ್ಲಿ ಎರಡು ಅದಾವಲ್ಲ!" ಅಂತ ಮೇಲಿನಿಂದ ಕೂಗಿದೆ.

"ಹ್ಞೂಂ. ಮಾಡಿದಾಂವನ ಗುರುತಾತು, ತಾಯಿದೂ ಒಂದು ಇರ್ಲಿ ಅಂದ ಆ ಪುಣ್ಯಾತ್ಮ."

"ಮಾಸ್ತರ ಮುಂದ ಯಾಕ ಹೇಳ್ಲಿಲ್ಲ?"

"ಪುಸ್ತಕಕ್ಕ ಒಂದು ಸಾಕು. ಇನ್ನೊಂದು ನಂದು."

ನಾಲ್ಕು ಹೆತ್ತವಳು ನಾನು. ಒಂದನ್ನಾದರೂ ಆ ಕೈಗೆ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

"ಯಾಕ ಸುಮ್ಮನ ನಿಂತಿ ಅತ್ತಿಗಿ? ಕಿವಿ ಹಿಂದ ತಿಕ್ಕು!"

ಗಂಟೆಗೆ ಎಲ್ಲಿಯ ಕಿವಿ! ಆದರೂ ತಿಕ್ಕಿದೆ. ಕಣ್ಣಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಹಿಡಿದು ತೊಳೆದೆ.