ಹುಳದ ಮನೆಗೆ ದಯಮಾಡಿಸಿದ ‘ಕಂಪ್ಲೈ’ ಎಂಬ ಕ್ರಿಯಾಪದಕ್ಕೆ ಒಂದು ಅರಿಕೆ

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
ಸೆಪ್ಟೆಂಬರ್ ೨೦೦೬

ಮಾನ್ಯ ಶ್ರೀ ಕಂಪ್ಲೈ ಅವರೇ,

ಸಮಸ್ತ ಕಚೇರಿಗಳ ಸಮಸ್ತ ಕಾಗದಗಳ ಕೊನೆಯ ಸಾಲಿನಲ್ಲಿ ನಿತ್ಯವೂ ವಿರಾಜಮಾನರಾಗಿರುವ ತಮಗೆ, ಮೇಲೂರಿನ ರೇಷ್ಮೆ ಬೆಳೆಗಾರ ನರಸಿಂಹಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಮುದ್ರ ದಾಟಿ ಬಂದ ತಾವು ಹೋದ ತಿಂಗಳು ನಮ್ಮ ಬಾಗಿಲಿಗೆ ಅಂಟಿಸಿದ ನೋಟೀಸಿನಲ್ಲಿ ದರ್ಶನ ಕೊಟ್ಟಿರಿ. ನೋಟೀಸು ಅಷ್ಟೂ ಕನ್ನಡದಲ್ಲಿತ್ತು, ತಾವೊಬ್ಬರು ಮಾತ್ರ ಇಂಗ್ಲಿಷಿನಲ್ಲಿದ್ದಿರಿ. ದೊಡ್ಡವರನ್ನು ಅನುವಾದ ಮಾಡಬಾರದೆಂದು ಹಾಗೇ ಬಿಟ್ಟಿರಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತೈದು ತೆಗೆದ ನನಗೆ ತಮ್ಮ ಪರಿಚಯವಿರಲಿಲ್ಲವಾದ್ದರಿಂದ, ಪಿಯುಸಿ ಓದುವ ಮಗಳು ತನುಜಳ ಕೈಯಲ್ಲಿ ನಿಘಂಟು ತೆಗೆಸಿದೆ. ‘ನಿಯಮಕ್ಕೆ ಅಥವಾ ಆಜ್ಞೆಗೆ ಒಪ್ಪಿ ಅದರಂತೆ ನಡೆ’ ಎಂದಿತ್ತು. ಆಹಾ, ಎಂಥ ಸಜ್ಜನ ಪದ! ಆದರೆ ತಮ್ಮ ಪ್ರಯೋಗದ ವಿಷಯದಲ್ಲಿ ನಿಘಂಟು ಒಂದು ಮಾತು ಬಿಟ್ಟಿದೆ: ತಮ್ಮನ್ನು ಬರೆಯುವವರು ಒಬ್ಬರು, ಅದರಂತೆ ನಡೆಯುವವರು ಇನ್ನೊಬ್ಬರು. ಕುರ್ಚಿಯಲ್ಲಿ ಕೂತವರ ಮೇಲೆ ತಾವು ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ನೋಟೀಸಿನಲ್ಲಿದ್ದದ್ದು ಇಷ್ಟು. ಊರಿನಲ್ಲಿ ಕೀಲು ಹಿಡಿಯುವ ಜ್ವರ ಹರಡಿರುವುದರಿಂದ ಗುರುವಾರ ಸೊಳ್ಳೆಗೆ ಔಷಧಿ ಹೊಗೆ ಹಾಕಲಾಗುವುದು, ಎಲ್ಲರೂ ಎಲ್ಲ ಬಾಗಿಲು ತೆರೆದಿಡತಕ್ಕದ್ದು. ಇದರಲ್ಲಿ ನನ್ನ ತಕರಾರಿಲ್ಲ. ಪಕ್ಕದ ಮನೆಯ ಆವುಲಪ್ಪ ಕುಡುಗೋಲು ಹಿಡಿಯಲಾಗದೆ ಬಿಲ್ಲಿನಂತೆ ಬಾಗಿ ನಡೆಯುವುದನ್ನು ದಿನಾ ನೋಡುತ್ತಿದ್ದವನು ನಾನು. ಆದರೆ ನಮ್ಮ ಹುಳದ ಮನೆಯಲ್ಲಿ ಇನ್ನೂರು ಮೊಟ್ಟೆಯ, ಎಂದರೆ ಸುಮಾರು ಎಂಬತ್ತು ಸಾವಿರ ಹುಳುಗಳ ಬೆಳೆ ಇತ್ತು. ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟೆದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಇನ್ನೈದು ದಿನ ಕಳೆದಿದ್ದರೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಸೊಳ್ಳೆಯನ್ನು ಕೊಲ್ಲುವ ಹೊಗೆಗೆ ಅದು ಸೊಳ್ಳೆ, ಇದು ರೇಷ್ಮೆ ಹುಳು ಎಂಬ ಭೇದ ತಿಳಿಯುವುದಿಲ್ಲವಲ್ಲ.

ನಿಯಮದ ವಿಷಯ ಬಂದದ್ದರಿಂದ ನನ್ನ ಹೆಂಡತಿ ಮುನಿಗಂಗಮ್ಮನ ಬಗ್ಗೆ ಅರಿಕೆ ಮಾಡಿಕೊಳ್ಳುತ್ತೇನೆ. ಬೆಳೆ ಇರುವಷ್ಟು ದಿನ ಕಾಲು ತೊಳೆದು ಸುಣ್ಣದ ಪುಡಿ ತುಳಿಯದೆ ಯಾರೂ ಹುಳದ ಮನೆಯ ಹೊಸ್ತಿಲು ದಾಟುವಂತಿಲ್ಲ. ಬೀಡಿ ಇಲ್ಲ, ಊದುಬತ್ತಿ ಇಲ್ಲ, ಹುಳಕ್ಕೆ ಘಾಟು ಆಗದೆಂದು ಸಾರಿಗೆ ಒಗ್ಗರಣೆಯೂ ಇಲ್ಲ. ಘಮಘಮ ಪೌಡರ್ ಹಾಕಿಕೊಂಡು ಬಂದ ಸ್ವಂತ ತಮ್ಮ ಮುನೇಶನನ್ನೇ ಜಗಲಿಯಲ್ಲಿ ಕೂರಿಸಿ, ಒಗ್ಗರಣೆಯಿಲ್ಲದ ಸಾರು ಬಡಿಸಿ ಕಳಿಸಿದವಳು. ಹದಿನಾಲ್ಕು ವರ್ಷದಲ್ಲಿ ಆಕೆಯ ಕೈಯಲ್ಲಿ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಇದಕ್ಕೆಲ್ಲ ಆಕೆಗೆ ಯಾರೂ ನೋಟೀಸು ಕೊಟ್ಟಿರಲಿಲ್ಲ, ತಮ್ಮ ಹೆಸರನ್ನೂ ಆಕೆ ಕೇಳಿರಲಿಲ್ಲ.

ನಮ್ಮ ಮನೆಯೊಂದನ್ನು ಬಿಡಿ ಎಂದು ಕೇಳಲು ನಾನು ನೋಟೀಸು ಹೊರಡಿಸಿದ ಶಿಡ್ಲಘಟ್ಟದ ಕಚೇರಿಗೆ ಹೋದೆ. ಬಾಯಿಮಾತು ನಡೆಯದು, ಅರ್ಜಿ ಮೂರು ಪ್ರತಿ ಕೊಟ್ಟು ತಮ್ಮ ಅರ್ಥದಂತೆ ನಡೆಯಬೇಕೆಂದರು, ನಡೆದೆ. ಪಹಣಿ ಬೇಕೆಂದರು, ತಂದೆ. ಮನೆಯಲ್ಲಿ ಹುಳು ಇರುವುದಕ್ಕೆ ಪುರಾವೆಯಾಗಿ, ಹುಳುಗಳೊಂದಿಗೆ ಮಾಲೀಕ ನಿಂತಿರುವ ಭಾವಚಿತ್ರ ಬೇಕೆಂದರು. ಶಿಡ್ಲಘಟ್ಟದಿಂದ ಫೋಟೋದವರನ್ನು ಕರೆತಂದೆ. ಅವರ ತಲೆಯ ಎಣ್ಣೆ ವಾಸನೆ ಹಿಡಿದು ಮುನಿಗಂಗಮ್ಮ ತಲೆಗೆ ಟವೆಲ್ ಕಟ್ಟಿಸಿಯೇ ಒಳಗೆ ಬಿಟ್ಟಳು. ನಾನು ನಗುತ್ತಿದ್ದೆ, ಹುಳುಗಳು ತಲೆಯೆತ್ತದೆ ಸೊಪ್ಪು ತಿನ್ನುತ್ತಿದ್ದವು. ಅದೇ ಅವುಗಳ ಒಂದೇ ಒಂದು ಫೋಟೋ.

ಗುರುವಾರ ಬೆಳಿಗ್ಗೆ ವಿನಾಯಿತಿ ಪತ್ರ ತರಲು ಹೊರಟಾಗ ನಾನು ಮುನಿಗಂಗಮ್ಮನಿಗೆ, “ಅವ್ರು ಬಂದ್ರೆ ಜಗಳ ಬೇಡ ಕಣೇ, ಹೇಳ್ದಂಗೆ ಕೇಳು, ಅಷ್ಟೊತ್ಗೆ ಕಾಗ್ದ ತಂದ್ಬಿಡ್ತೀನಿ” ಎಂದು ಹೇಳಿ ಹೋದೆ. ಬಡವನ ಕೋಪ ದವಡೆಗೆ ಮೂಲ ಎಂದು ನಂಬಿ ಬದುಕಿದವನು ನಾನು. ಹತ್ತಕ್ಕೆ ಕಚೇರಿಗೆ ಬರಬೇಕಾದ ಸಾಹೇಬರು ಹನ್ನೊಂದೂವರೆಗೆ ಬಂದರು, ಹನ್ನೆರಡಕ್ಕೆ ಮೊಹರು ಬಿತ್ತು, ಒಂದು ಗಂಟೆಗೆ ನಾನು ಬಸ್ಸಿಳಿದೆ. ಹೊಗೆಯವರು ಹನ್ನೆರಡಕ್ಕೇ ಬಂದು ಹೋಗಿದ್ದರು.

ಅವರನ್ನು ನಾನು ದೂರುವುದಿಲ್ಲ. ಮುನಿಗಂಗಮ್ಮ ಹೇಳಿದಂತೆ ಚಪ್ಪಲಿ ಬಿಟ್ಟರಂತೆ, ಕಾಲು ತೊಳೆದರಂತೆ, ಸುಣ್ಣದ ಪುಡಿಯನ್ನು ಭಕ್ತಿಯಿಂದ ತುಳಿದರಂತೆ. ಆಮೇಲೆ ಒಳಗೆ ಹೋಗಿ, ಒಂದು ಮೂಲೆಯನ್ನೂ ಬಿಡದೆ, ನೋಟೀಸಿನಲ್ಲಿ ಬರೆದಿದ್ದಂತೆ ಹೊಗೆ ಹಾಕಿದರಂತೆ. ಎರಡೂ ಕಡೆಯ ನಿಯಮ ಇಷ್ಟು ಚೊಕ್ಕವಾಗಿ ಪಾಲನೆಯಾದದ್ದು ತಮ್ಮ ಇತಿಹಾಸದಲ್ಲೇ ಅಪರೂಪವಿರಬಹುದು. ನಾನು ಹೋಗುವ ಹೊತ್ತಿಗೆ ಹುಳುಗಳು ತಲೆ ಎತ್ತಿ ಹಸಿರು ರಸ ಕಕ್ಕುತ್ತಿದ್ದವು.

“ಕಾಗ್ದದಲ್ಲಿ ಏನ್ ಬರ್ದವ್ರೆ?” ಎಂದು ಮುನಿಗಂಗಮ್ಮ ಕೇಳಿದಳು. ನಮ್ಮ ಮನೆಗೆ ಹೊಗೆ ಹಾಕಬಾರದಂತೆ ಎಂದೆ. ಆಕೆ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿದ ಸದ್ದು ಕೇಳಿಸಿತು, ಇಂಗಿನ ಘಾಟು ನಡುಮನೆಗೆ ಬಂತು. ಇಪ್ಪತ್ತೊಂದು ದಿನವಾದ ಮೇಲೆ ನಮ್ಮ ಮನೆಯ ಸಾರಿಗೆ ಒಗ್ಗರಣೆ ಬಿದ್ದಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಚಿಕ್ಕ ಕೋರಿಕೆ. ತಾವು ಸದಾ ಮೇಲಿನಿಂದ ಕೆಳಕ್ಕೆ ಇಳಿದು ದಣಿದಿದ್ದೀರಿ. ಒಂದೇ ಒಂದು ದಿನ ಕೆಳಗಿನಿಂದ ಮೇಲಕ್ಕೆ ಹತ್ತಿ, ಸಾಹೇಬರ ಮೇಜಿನ ಮೇಲೆ ಕೂತು, ಅವರನ್ನು ಹತ್ತು ಗಂಟೆಗೆ ಬರುವಂತೆ ಮಾಡಬೇಕು. ಅದು ಆಗದಿದ್ದರೆ ಮುಂದಿನ ಬೆಳೆಗೆ ನಮ್ಮ ಮನೆಗೆ ಬಂದು, ಕಾಲು ತೊಳೆದು, ಒಗ್ಗರಣೆಯಿಲ್ಲದ ಸಾರುಂಡು, ತಮ್ಮ ಅರ್ಥವನ್ನು ಮುನಿಗಂಗಮ್ಮನಿಂದ ಕಲಿತು ಹೋಗಬೇಕು.

ತಮಗೆ ಬಾಗಿ ಬಾಗಿ ಸೊಂಟ ಹಿಡಿದಿರುವ,
ತಮ್ಮ ವಿಶ್ವಾಸಿ,
ನರಸಿಂಹಪ್ಪ

ಮರೆತ ಮಾತು: ನಿನ್ನೆ ಇನ್ನೊಂದು ನೋಟೀಸು ಬಂದಿದೆ. ವಿನಾಯಿತಿ ಪಡೆದ ಮನೆಗೆ ಹೊಗೆ ಹಾಕಿಸಿಕೊಂಡದ್ದು ಏಕೆಂದು ಏಳು ದಿನದೊಳಗೆ ವಿವರಣೆ ಕೊಡಬೇಕಂತೆ, ವಿಚಾರಣೆಗೆ ಮನೆಗೇ ಬರುತ್ತಾರಂತೆ. ಕೊನೆಯ ಸಾಲಿನಲ್ಲಿ ಯಥಾಪ್ರಕಾರ ತಾವಿದ್ದೀರಿ. ಖಂಡಿತ ಬರಲಿ. ಬಾಗಿಲಲ್ಲಿ ಮುನಿಗಂಗಮ್ಮ ನಿಂತಿರುತ್ತಾಳೆ. ಜಗಳ ಬೇಡ ಎಂದು ಈ ಸಲ ನಾನು ಆಕೆಗೆ ಹೇಳಿಲ್ಲ.