ಮೂರು ಪ್ರತಿಗಳಲ್ಲಿ ಒಂದು ಡಾಕ್

ಅನಘಾ, ಸುಹಾಸ್, ನಿಮ್ಮ ಚಿಕ್ಕಜ್ಜ ಸೀನುವುದಕ್ಕೂ ಮೊದಲು ಅರ್ಜಿ ಹಾಕುವವರು ಎಂದರೆ ಅದು ಪೂರ್ತಿ ಸುಳ್ಳಲ್ಲ. ಊರಿನಲ್ಲಿ ನೀರಾವರಿ ಇಲಾಖೆಯಲ್ಲಿದ್ದವರು. ಅವರು ಇಲಾಖೆ ಬಿಟ್ಟು ನಾರ್ತ್ ಕ್ಯಾರೊಲೈನಾಕ್ಕೆ ಬಂದರೂ ಇಲಾಖೆ ಅವರನ್ನು ಬಿಟ್ಟಿರಲಿಲ್ಲ.

ತೊಂಬತ್ತರ ದಶಕದಲ್ಲಿ, ನಿಮ್ಮ ತಾತ ತೀರಿಕೊಂಡ ವರ್ಷ, ಆರು ತಿಂಗಳ ವೀಸಾದಲ್ಲಿ ನಾನು ಈ ಮೈದುನರ ಮನೆಗೆ ಬಂದೆ. ಹಿತ್ತಲ ಇಳಿಜಾರಿನ ಕೊನೆಗೆ ಕೆರೆ. ನಾನು ಕಿಟಕಿಯಿಂದಲೇ ನೋಡುತ್ತಿದ್ದೆ. ಬಂದ ವಾರದಲ್ಲೇ ಅವರಿಗೆ ಡಾಕ್ ಹುಚ್ಚು ಹಿಡಿಯಿತು. ಡಾಕ್ ಎಂದರೆ ನೀರಿನೊಳಕ್ಕೆ ಚಾಚಿದ ಮರದ ಕಟ್ಟೆ.

"ದೋಣಿ ಇಲ್ಲ, ಈಜು ಬರಲ್ಲ, ಮೀನು ತಿನ್ನಲ್ಲ. ಡಾಕ್ ಯಾಕ್ರೀ?" ಎಂದಳು ನನ್ನ ವಾರಗಿತ್ತಿ.

"ಅತ್ತಿಗೆ ಊರಿಗೆ ಹೊರಡೋದರೊಳಗೆ ಮುಗೀಬೇಕು" ಎಂದರು. ಊರಿನಲ್ಲಿ ನಾನು ಹೊಗಳಲಿ ಎಂದಿರಬೇಕು ಅಂದುಕೊಂಡೆ.

ಡಾಕ್ ಕಟ್ಟುವ ಪರ್ಮಿಟ್ಟಿಗೆ ಅರ್ಜಿ ಒಂದು ಸಾಕಿತ್ತು, ಮೂರು ಪ್ರತಿ ಹೋಯಿತು. ಅಕ್ಕಪಕ್ಕದ ಇಬ್ಬರ ಸಹಿ ಸಾಕಿತ್ತು, ಇವರು ಬೀದಿಯ ಹನ್ನೊಂದು ಮನೆಯವರಿಂದಲೂ ತಂದರು. "ನಮ್ಮ ಮನೆ ಕೆರೆ ಹತ್ತಿರವೇ ಇಲ್ವಲ್ಲ" ಎಂದನಂತೆ ಒಬ್ಬ. "ಇರಲಿ, ನಾಳೆ ತಕರಾರು ಬರಬಾರದು" ಎಂದರಂತೆ ಇವರು.

ಇಷ್ಟೆಲ್ಲ ಕಾನೂನು ತಿಳಿದವರು ಪರ್ಮಿಟ್ಟಿಗೆ ಮೊದಲೇ ಗುದ್ದಲಿ ಪೂಜೆ ಮಾಡಿಬಿಟ್ಟರು! ದಂಡೆಯಲ್ಲಿ ಒಂದು ಬುಟ್ಟಿ ಮಣ್ಣು ಅಗೆದು, ಕುಂಕುಮ ಹಚ್ಚಿ, ಕಾಯಿ ಒಡೆದರು. ಮಾರನೆಯ ದಿನ ಸ್ಥಳ ನೋಡಲು ಅಧಿಕಾರಿಣಿ ಬಂದರು. ನಾನು ಅಡುಗೆಮನೆ ಸೇರಿಕೊಂಡೆ. ಆಕೆ ಗುಂಡಿ ನೋಡಿ, "ಅಪ್ಪಣೆಯಿಲ್ಲದೆ ದಂಡೆ ಅಗೆಯೋ ಹಾಗಿಲ್ಲ. ಮುಚ್ಚಿ ಹುಲ್ಲು ಬೆಳೆಸಿ. ಚಿಗುರಿದ ಮೇಲೇ ಅರ್ಜಿ ನೋಡೋದು" ಎಂದು ಹೋದರಂತೆ.

"ಅಲ್ಲ ಅತ್ತಿಗೆ, ಮಾಡಿದ ಪೂಜೆ ವಾಪಸ್ ಪಡೆಯೋದು ಹೇಗೆ?"

"ಹುಲ್ಲನ್ನೇ ಕೇಳಿ" ಎಂದೆ.

ಆಮೇಲೆ ಆಫೀಸಿಗೆ ಹೋಗುವ ಮುಂಚೆ, ಬಂದ ಮೇಲೆ, ಛತ್ರಿ ಹಿಡಿದು ಆ ಮಣ್ಣಿನ ಪಕ್ಕ ಕುರ್ಚಿ ಹಾಕಿ ಕೂತು ಬಾತುಕೋಳಿ ಓಡಿಸಿದರು. ಒಳಗೆ ಬಂದು ವರದಿ ಒಪ್ಪಿಸುತ್ತಿದ್ದರು: "ಇವತ್ತು ಮೂರು ಮೊಳಕೆ ಅತ್ತಿಗೆ. ನಿಮ್ಮ ಟಿಕೆಟ್ ಮುಂದಕ್ಕೆ ಹಾಕೋಕಾಗಲ್ವಾ?" ವೀಸಾ ಮುಗಿಯುತ್ತಿತ್ತು, ಆಗಲಿಲ್ಲ.

ನಾನು ಹೊರಡಲು ಒಂಬತ್ತು ದಿನವಿದ್ದಾಗ ಪರ್ಮಿಟ್ ಬಂತು. ಬಡಗಿಗಳು ವಾರದಲ್ಲಿ ಮುಗಿಸಿದರು. ನನಗೆ ಉಳಿದದ್ದು ಎರಡು ಸಂಜೆ.

ಅಷ್ಟರಲ್ಲಿ ವಾರಗಿತ್ತಿ ಅರ್ಜಿಯ ಪ್ರತಿ ಕಂಡು, ನನಗೆ ಇಂಗ್ಲಿಷ್ ಬಾರದೆಂದು ಕನ್ನಡದಲ್ಲಿ ಹೇಳಿದಳು. ಉದ್ದೇಶ ಎಂಬಲ್ಲಿ ದೋಣಿ, ಮೀನು, ಈಜು ಮೂರನ್ನೂ ಹೊಡೆದುಹಾಕಿ ಕೆಳಗೆ ಬರೆದಿದ್ದರು: "ನಮ್ಮ ಅತ್ತಿಗೆ ಹೊಳೆದಂಡೆಯ ಊರಿನವರು. ಅಣ್ಣ ಹೋದ ಮೇಲೆ, ಇಲ್ಲಿಗೆ ಬಂದದ್ದು ಬಿಟ್ಟರೆ, ಹೊಸ್ತಿಲು ದಾಟಿಲ್ಲ. ಅವರು ನೀರಿಗೆ ಕಾಲು ಇಳಿಬಿಟ್ಟು ಕೂರುವುದಕ್ಕೆ."

ಎರಡು ಸಂಜೆಯೂ ಕೂತೆ. ನೀರು ತಣ್ಣಗಿತ್ತು. ಅವರು ದಂಡೆಯಲ್ಲೇ ಆ ಹುಲ್ಲು ತುಳಿಯದ ಹಾಗೆ ನಿಂತಿದ್ದರು. ಈಜು ಬರುವುದಿಲ್ಲವಲ್ಲ.

ಆ ಅರ್ಜಿಯ ಮೂರನೆಯ ಪ್ರತಿ ಈ ಹಾಳೆಗಳ ಹಿಂದೆ ಇದೆ. ಎರಡನ್ನೂ ನೀರು ತಾಗದ ಕಡೆ ಇಡಿ, ಮಕ್ಕಳೇ.